ಸಾಗಾರ, ಅನಗಾರ: ಬೆಳಗಾವಿಯ ಬೀದಿ, ವಸತಿ ಮತ್ತು ದುಡಿಯುವವರ ರಾಜಕಾರಣ

ಕನ್ನಡದಲ್ಲಿ ಜಿನಾಲಯಕ್ಕೆ ರೂಢವಾಗಿರುವ 'ಬಸದಿ' ಎಂಬ ಶಬ್ದ ಸಂಸ್ಕೃತದ 'ವಸತಿ'ಯ ತದ್ಭವ. ಅದರ ಮೂಲಾರ್ಥ ತಂಗುವ ಜಾಗ, ವಾಸಸ್ಥಾನ. ಜೈನ ಆಚಾರಗ್ರಂಥಗಳು ಧರ್ಮವನ್ನು ಆಚರಿಸುವವರನ್ನು ಎರಡು ವರ್ಗ ಮಾಡುವುದೂ ಮನೆಯನ್ನು ಲಕ್ಷ್ಯದಲ್ಲಿಟ್ಟುಕೊಂಡೇ. ಮನೆಯುಳ್ಳವನು ಸಾಗಾರ, ಮನೆಯಿಲ್ಲದವನು ಅನಗಾರ. ಹದಿಮೂರನೆಯ ಶತಮಾನದ ಪಂಡಿತ ಆಶಾಧರನು ಇವೆರಡಕ್ಕೂ ಪ್ರತ್ಯೇಕವಾಗಿ 'ಸಾಗಾರ ಧರ್ಮಾಮೃತ', 'ಅನಗಾರ ಧರ್ಮಾಮೃತ' ಎಂಬ ಗ್ರಂಥಗಳನ್ನು ರಚಿಸಿದನು. ಶ್ರಾವಕನಿಗೂ ಮುನಿಗೂ ಇರುವ ಅಂತರವನ್ನು ಜ್ಞಾನದಿಂದಾಗಲಿ ಕುಲದಿಂದಾಗಲಿ ಅಳೆಯದೆ, ಒಂದು ಸೂರಿನ ಇರವು ಇಲ್ಲಮೆಯಿಂದ ಅಳೆದದ್ದು ಗಮನಾರ್ಹವಾದ ಸಂಗತಿ.

ಅನಗಾರನ ಜೀವನ ನಡಿಗೆಯ ಜೀವನ. ಅವನ ಸಂಚಾರಕ್ಕೆ ವಿಹಾರವೆಂದು ಹೆಸರು. ವಾಹನವಿಲ್ಲ, ಪಾದರಕ್ಷೆಯಿಲ್ಲ, ನಾಳೆಗೆಂದು ಕಟ್ಟಿಕೊಂಡ ಬುತ್ತಿಯಿಲ್ಲ. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಅವನು ಒಂದೆಡೆ ನಿಲ್ಲಬೇಕು. ಆ ಕಾಲದಲ್ಲಿ ನೆಲದ ಮೇಲೆ ಜೀವರಾಶಿ ಹೆಚ್ಚುವುದರಿಂದ ನಡೆದರೆ ಹಿಂಸೆಯಾದೀತು. ಈ ವ್ಯವಸ್ಥೆ ನಿಲ್ಲಬೇಕಾದರೆ ಸಾಗಾರನ ಮೇಲೆ ಒಂದು ಹೊಣೆ ಬೀಳುತ್ತದೆ: ಬಂದವನಿಗೆ ಜಾಗ ಕೊಡಬೇಕು, ಅನ್ನ ಕೊಡಬೇಕು, ಅವನು ಹೊರಟಾಗ ದಾರಿ ಬಿಡಬೇಕು. ಹೀಗೆ ನಡೆಯುವವನ ಮತ್ತು ನೆಲೆಸಿದವನ ನಡುವಿನ ಒಪ್ಪಂದವೇ ಬಸದಿಯ ಇತಿಹಾಸದ ಬಹುಪಾಲು.

ಪ್ರಶ್ನೆ ಇರುವುದು ಇದರ ಆಚೆಗೆ. ತಾನಾಗಿ ಮನೆ ತೊರೆದು ನಡೆಯುವವನನ್ನು ಬೀದಿಯಲ್ಲಿ ಕಂಡು ಕೈಮುಗಿಯುವ ಸಮಾಜ, ಮನೆ ಸಿಗದೆ ನಡೆಯುವವನನ್ನು ಯಾವ ಕಣ್ಣಿನಿಂದ ನೋಡುತ್ತದೆ? ಕೂಲಿಗಾಗಿ ಊರು ಬಿಟ್ಟು ಬಂದವನು, ಬಾಡಿಗೆ ಕೊಡಲಾಗದೆ ಊರಾಚೆಗೆ ಸರಿದವನು, ದಿನವೂ ತಾಲ್ಲೂಕಿನಿಂದ ನಗರಕ್ಕೆ ಬಂದು ಹೋಗುವವನು, ಇವರೂ ಅನಗಾರರೇ. ಆದರೆ ಇವರ ಅನಗಾರತ್ವಕ್ಕೆ ಶಾಸ್ತ್ರವಿಲ್ಲ, ಚಾತುರ್ಮಾಸವಿಲ್ಲ. ಬೆಳಗಾವಿ ಮತ್ತು ಖಾನಾಪುರದ ನೆಲ ಈ ಪ್ರಶ್ನೆಯನ್ನು ವಿಚಾರಿಸಲು ತಕ್ಕ ಸ್ಥಳ. ಏಕೆಂದರೆ ನಡೆಯುವವರಿಗೆ ನೆಲೆ ಕೊಟ್ಟ ಕನ್ನಡನಾಡಿನ ಅತ್ಯಂತ ಹಳೆಯ ದಾಖಲೆಗಳಲ್ಲಿ ಕೆಲವು ಇಲ್ಲಿಯವೇ.

ಹಲಸಿಯ ತಾಮ್ರಪಟ, ವೇಣುಗ್ರಾಮದ ಶಾಸನ

ಖಾನಾಪುರ ತಾಲ್ಲೂಕಿನ ಹಲಸಿ ಪ್ರಾಚೀನ ಪಲಾಶಿಕೆ. ಬನವಾಸಿಯ ಕದಂಬರ ಎರಡನೆಯ ರಾಜಧಾನಿಯಂತಿದ್ದ ಊರು. ಅಲ್ಲಿ ದೊರೆತ ತಾಮ್ರಪಟಗಳಲ್ಲಿ ಮೃಗೇಶವರ್ಮನು ತಂದೆಯ ನೆನಪಿಗೆ ಜಿನಾಲಯ ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಸಂಘಗಳಿಗೂ ಭೂಮಿ ಬಿಟ್ಟ ಉಲ್ಲೇಖವಿದೆ. ಒಂದೇ ದಾನದಲ್ಲಿ ಮೂರು ಪಂಥಗಳು ಪಾಲು ಪಡೆದದ್ದು ಆ ಕಾಲದ ರಾಜನೀತಿಯ ವಿವೇಕ. ಅವನ ಮಗ ರವಿವರ್ಮನ ಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಾರ್ತಿಕ ಮಾಸದಲ್ಲಿ ಎಂಟು ದಿನದ ಜಿನೇಂದ್ರ ಮಹೋತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಆಹಾರ ಸಲ್ಲಬೇಕು ಎಂದು ಅದು ವಿಧಿಸುತ್ತದೆ. ಸಹ್ಯಾದ್ರಿಯ ಅಂಚಿನ ಈ ಪ್ರದೇಶದ ಮಳೆಯನ್ನು ಬಲ್ಲವರಿಗೆ ಆ ನಾಲ್ಕು ತಿಂಗಳ ಮಾತು ಬರಿಯ ಶಾಸ್ತ್ರೋಕ್ತಿಯಾಗಿ ತೋರದು. ನಡೆಯುವವನು ನಡೆಯಲಾಗದ ಕಾಲಕ್ಕೆ ಅವನ ಹೊಟ್ಟೆ ಮತ್ತು ಸೂರು ಅರಸನ ಲೆಕ್ಕಕ್ಕೆ ಸೇರಿತ್ತು ಎಂಬುದು ಇಲ್ಲಿಯ ಮುಖ್ಯ ಸಂಗತಿ.

ಏಳು ಶತಮಾನಗಳ ಬಳಿಕ ಬೆಳಗಾವಿ ರಟ್ಟರ ವೇಣುಗ್ರಾಮವಾಯಿತು. ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಣನು ಕಟ್ಟಿಸಿದ ರಟ್ಟ ಜಿನಾಲಯಕ್ಕೆ ಸಂಬಂಧಿಸಿದ 1204ರ ಎರಡು ಶಾಸನಗಳು ಶುಭಚಂದ್ರ ಭಟ್ಟಾರಕರಿಗೆ ಕೊಟ್ಟ ದತ್ತಿಗಳನ್ನು ಹೇಳುತ್ತವೆ. ಅವುಗಳಲ್ಲಿ ಊರಿನ ಬೀದಿ, ಮನೆ, ಹೂದೋಟಗಳ ಲೆಕ್ಕವಿದೆ. ಪೇಟೆಗೆ ಬರುವ ಸರಕುಗಳ ಮೇಲೆ ವರ್ತಕ ಸಂಘಗಳು ತಾವಾಗಿ ಒಪ್ಪಿ ಬಿಟ್ಟುಕೊಟ್ಟ ಸುಂಕದ ವಿವರವಿದೆ. ಲಾಳ ದೇಶದ ಮತ್ತು ಮಲೆಯಾಳದ ವ್ಯಾಪಾರಿಗಳೂ ಆ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಾರೆ. ದೂರದಿಂದ ನಡೆದು ಬಂದವರ ಸರಕಿನಿಂದ, ನಡೆದು ಬರುವ ಇನ್ನೊಂದು ಬಗೆಯವರ ವಸತಿ ನಡೆಯುತ್ತಿತ್ತು. ಕೋಟೆಯೊಳಗಿನ ಕಮಲ ಬಸದಿಯಲ್ಲಿ ನೇಮಿನಾಥನ ಪೂಜೆ ಇಂದಿಗೂ ನಡೆಯುತ್ತಿದೆ. ಬೆಳಗಾವಿಯ ಮನೆಗಳ ಲೆಕ್ಕ ಹೊತ್ತ ಆ ಶಿಲೆಗಳು ಮಾತ್ರ ಸಮುದ್ರ ದಾಟಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿವೆ. ಎಲ್.ಡಿ. ಬಾರ್ನೆಟ್ ಅವನ್ನು 'ಎಪಿಗ್ರಾಫಿಯಾ ಇಂಡಿಕಾ'ದ ಹದಿಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು.

ಈ ಶಾಸನಗಳನ್ನು ರಾಜವಂಶದ ಕಾಲನಿರ್ಣಯಕ್ಕೆ, ಗುರುಪರಂಪರೆಯ ಪಟ್ಟಿಗೆ ಬಳಸುವುದು ಸಂಶೋಧನೆಯ ರೂಢಿ. ವಸತಿಯ ಇತಿಹಾಸವಾಗಿ ಅವನ್ನು ಓದುವುದು ಅಪರೂಪ. ಹಾಗೆ ಓದಿದರೆ ಒಂದು ತತ್ತ್ವ ಹೊರಡುತ್ತದೆ: ಊರಿನ ಆದಾಯ ಹಾದಿಯಿಂದ ಬರುತ್ತದೆ, ಆದ್ದರಿಂದ ಹಾದಿಯವರ ವಸತಿ ಊರಿನ ಹೊಣೆ.

ಸುಕುಮಾರನ ಪಾದ

ವಸತಿ ಮತ್ತು ನಡಿಗೆಯ ಸಂಬಂಧವನ್ನು ಕನ್ನಡ ಸಾಹಿತ್ಯ ಎಷ್ಟು ತೀಕ್ಷ್ಣವಾಗಿ ಕಂಡಿತ್ತೆಂಬುದಕ್ಕೆ 'ವಡ್ಡಾರಾಧನೆ'ಯ ಮೊದಲ ಕಥೆಯೇ ಸಾಕ್ಷಿ. ಉಜ್ಜಯಿನಿಯ ಸಿರಿವಂತ ಮನೆಯಲ್ಲಿ ಸುಕುಮಾರನು ಹುಟ್ಟುತ್ತಾನೆ. ಮುನಿಯನ್ನು ಕಂಡರೆ ಮಗ ತಪಸ್ಸಿಗೆ ಹೋಗುವನೆಂಬ ಭಯದಿಂದ ತಾಯಿ ಅವನನ್ನು ಮಾಡದಲ್ಲಿಯೇ ಬೆಳೆಸುತ್ತಾಳೆ. ಮುನಿಗಳು ಮನೆಯ ಕಡೆ ಸುಳಿಯದಂತೆ ನೋಡಿಕೊಳ್ಳುತ್ತಾಳೆ. ಅರಸನೂ ಕೊಳ್ಳಲಾರದ ರತ್ನಕಂಬಳವನ್ನು ಕೊಂಡು, ಅದನ್ನು ಕತ್ತರಿಸಿ ಮೂವತ್ತೆರಡು ಸೊಸೆಯರಿಗೆ ಪಾದರಕ್ಷೆ ಮಾಡಿಸುತ್ತಾಳೆ. ಆ ಮನೆಯ ಹೆಣ್ಣುಮಕ್ಕಳು ಮೆಟ್ಟುವುದು ಅರಸನ ಆಸೆಯನ್ನು. ಮಂಗಳಕ್ಕೆಂದು ಚೆಲ್ಲಿದ ಬಿಳಿಸಾಸಿವೆಯ ಕಾಳೂ ಸುಕುಮಾರನಿಗೆ ಒತ್ತುತ್ತದೆ, ದೀಪದ ಬೆಳಕಿಗೆ ಕಣ್ಣು ನೀರಾಡುತ್ತದೆ.

ಕೊನೆಗೆ ಅವನು ಬಟ್ಟೆಗಳನ್ನು ಗಂಟು ಹಾಕಿ ಇಳಿಬಿಟ್ಟು ಮಾಡದಿಂದ ಇಳಿಯುತ್ತಾನೆ. ನೆಲವನ್ನೇ ತುಳಿಯದ ಪಾದಗಳು ನಡೆದಾಗ ಒಡೆದು ನೆತ್ತರು ಸುರಿಯುತ್ತದೆ. ಆ ನೆತ್ತರಿನ ಜಾಡು ಹಿಡಿದು ಬಂದ ನರಿಯೊಂದು ಮರಿಗಳೊಡನೆ ಅವನನ್ನು ಪಾದದಿಂದಲೇ ತಿನ್ನತೊಡಗುತ್ತದೆ. ಅವನು ಕದಲದೆ ಸಮಾಧಿಯನ್ನು ಸಾಧಿಸುತ್ತಾನೆ. ಕಥೆಯ ಉದ್ದೇಶ ಉಪಸರ್ಗವನ್ನು ಗೆಲ್ಲುವ ಆರಾಧನೆಯನ್ನು ತೋರಿಸುವುದು. ಆದರೆ ಕಥೆಗಾರನು ತನ್ನ ಉದ್ದೇಶಕ್ಕೆ ಬೇಕಾದ ಹಾದಿಯಲ್ಲಿ ಮನೆಯೆಂಬುದರ ರಾಜಕಾರಣವನ್ನೂ ಬಿಚ್ಚಿಡುತ್ತಾನೆ. ಅತಿಯಾದ ಮನೆ ಪಾದವನ್ನು ಕೊಲ್ಲುತ್ತದೆ. ಹೊರಗಿನ ಲೋಕ ಕಾಣದಂತೆ ಕಟ್ಟಿದ ಗೋಡೆ ಒಳಗಿರುವವನನ್ನೇ ಅಸಮರ್ಥನನ್ನಾಗಿಸುತ್ತದೆ. ಕಾವಲುಗಾರನನ್ನಿಟ್ಟು, ಗೇಟು ಹಾಕಿ, ಕಾರಿನಿಂದ ಕಾರಿಗೆ ಸಾಗುವ ಇಂದಿನ ಬಡಾವಣೆಗಳ ಬದುಕನ್ನು ಅರಿಯಲು ಈ ಹತ್ತನೆಯ ಶತಮಾನದ ಗದ್ಯ ಇನ್ನೂ ಒದಗುತ್ತದೆ.

ಶಿವಬಸವ ನಗರದಿಂದ ವಡಗಾವಿಗೆ

ಬೆಳಗಾವಿ ಕಾಲ್ನಡಿಗೆಯಲ್ಲಿ ಅರ್ಥವಾಗುವ ಊರು. ಉತ್ತರದ ಶಿವಬಸವ ನಗರದಿಂದ ಹೊರಟರೆ ಕೋಟೆಕೆರೆ, ಕೋಟೆಯ ಕಂದಕ, ಬಸ್ ನಿಲ್ದಾಣ, ಖಡೇಬಜಾರ, ಗಣಪತ ಗಲ್ಲಿಗಳನ್ನು ದಾಟಿ, ಕಪಿಲೇಶ್ವರ ಗುಡಿಯ ಬಳಿ ರೈಲು ಹಳಿಯನ್ನು ಹಾಯ್ದು, ಶಹಾಪುರ, ಖಾಸಬಾಗ, ವಡಗಾವಿಗಳನ್ನು ಸೇರಬಹುದು. ಹೆಸರುಗಳೇ ಊರಿನ ಪದರಗಳನ್ನು ಹೇಳುತ್ತವೆ. ಗೋವಾವೇಸ್, ಕಾಕತಿವೇಸ್ ಎಂಬಲ್ಲಿಯ 'ವೇಸ್' ಎಂದರೆ ಊರ ಬಾಗಿಲು. ಬಾಗಿಲುಗಳು ಹೋದರೂ ಹೊರಡುವ ದಿಕ್ಕಿನ ಹೆಸರು ಉಳಿದಿದೆ. ಬೋಗಾರವೇಸ್ ಎಂಬುದರಲ್ಲಿ ಕಂಚು-ಹಿತ್ತಾಳೆಯ ಪಾತ್ರೆಗಳ ಕಸುಬಿನ ಬೋಗಾರರ ಹೆಸರಿದೆ. ಕರ್ನಾಟಕದ ಬೋಗಾರರಲ್ಲಿ ಅನೇಕರು ಜೈನರು. ಗಲ್ಲಿ, ಪೇಟೆ, ಖೂಟಗಳು ಕಸುಬು ಮತ್ತು ಸಂತೆಯ ವಾರಗಳನ್ನು ನೆನಪಿಸುತ್ತವೆ. ಹೊಸ ಬಡಾವಣೆಗಳ ಹೆಸರುಗಳಾದರೋ ಹೆಚ್ಚಾಗಿ ಮಹನೀಯರವು. ಕಸುಬಿನ ಹೆಸರಿನ ಬೀದಿಯಲ್ಲಿ ಮನೆ ಮತ್ತು ಕೆಲಸ ಒಂದೇ ಸೂರಿನಡಿ ಇದ್ದವು. ಮಹನೀಯರ ಹೆಸರಿನ ನಗರದಲ್ಲಿ ಮನೆ ಮಾತ್ರ ಇರುತ್ತದೆ, ಕೆಲಸ ಬೇರೆಡೆಗೆ ಹೋಗಿರುತ್ತದೆ.

ಫ್ರೆಡರಿಕ್ ಎಂಗೆಲ್ಸ್ ಮ್ಯಾಂಚೆಸ್ಟರಿನ ಬೀದಿಗಳಲ್ಲಿ ನಡೆದು 1845ರಲ್ಲಿ ಪ್ರಕಟಿಸಿದ ಇಂಗ್ಲೆಂಡಿನ ಕಾರ್ಮಿಕ ವರ್ಗದ ಸ್ಥಿತಿಯ ಕುರಿತ ಗ್ರಂಥದಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಿದ್ದನು. ಉಳ್ಳವರು ತಮ್ಮ ಮನೆಯಿಂದ ಪೇಟೆಗೆ ಹೋಗುವ ಹೆದ್ದಾರಿಗಳ ಇಕ್ಕೆಲದಲ್ಲಿ ಅಂಗಡಿಗಳ ಸಾಲು ನಿಂತು, ಅದರ ಹಿಂದಿರುವ ಕೂಲಿಕಾರರ ಕೇರಿಗಳನ್ನು ಕಣ್ಣಿಗೆ ಬೀಳದಂತೆ ಮರೆಮಾಡುತ್ತವೆ ಎಂಬುದು ಅವನ ವೀಕ್ಷಣೆ. ಬೆಳಗಾವಿಗೂ ಈ ಮಾತು ಸ್ವಲ್ಪಮಟ್ಟಿಗೆ ಸಲ್ಲುತ್ತದೆ. ಖಡೇಬಜಾರದಲ್ಲಿ ಸೀರೆ ಕೊಳ್ಳುವವರಿಗೆ ಅದೇ ರಸ್ತೆಯ ಮುಂದುವರಿಕೆಯಲ್ಲಿ, ಹಳಿಯ ಆಚೆ, ಸೀರೆ ನೇಯುವವರ ಮನೆಗಳಿವೆಯೆಂಬುದು ಕಾಣದು. ಆದರೆ ಕೇಳುತ್ತದೆ. ವಡಗಾವಿಯ ಗಲ್ಲಿಗಳಲ್ಲಿ ಹಗಲಿರುಳು ವಿದ್ಯುತ್ ಮಗ್ಗದ ಸದ್ದು. ವಿದ್ಯುತ್ ಹೋದಾಗ ಇಡೀ ಗಲ್ಲಿಗೆ ಒಮ್ಮೆಗೇ ಮೌನ ಕವಿಯುತ್ತದೆ, ಆ ಮೌನದ ಹೊತ್ತಿಗೆ ಕೂಲಿಯಿಲ್ಲ.

ಶಹಾಪುರದ ಇತಿಹಾಸ ಇನ್ನೊಂದು ಬಗೆಯಲ್ಲಿ ವಿಚಿತ್ರ. ಸ್ವಾತಂತ್ರ್ಯ ಬರುವವರೆಗೆ ಅದು ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬ್ರಿಟಿಷರ ಬೆಳಗಾವಿಯಿಂದ ಕೆಲವೇ ನಿಮಿಷ ನಡೆದರೆ ಬೇರೊಂದು ರಾಜ್ಯ, ಬೇರೊಂದು ಆಡಳಿತ. ಗಡಿಯೆಂಬುದು ಭೂಪಟದ ಮೇಲಿನ ಗೆರೆಯಾಗುವ ಮೊದಲು ಇಲ್ಲಿಯ ನೇಕಾರರು ದಿನವೂ ದಾಟುವ ಬೀದಿಯಾಗಿತ್ತು.

ಕಾರ್ಯಾಗಾರವನ್ನು ಹೊರಗಟ್ಟಿದ ಬಡಾವಣೆ

ಕೆಲಸ ಮತ್ತು ಮನೆಯ ಅಗಲಿಕೆಗೆ ಬೆಳಗಾವಿಯಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಇಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳನ್ನು ತಯಾರಿಸುವ ಕಾರ್ಯಾಗಾರ ಬೆಳೆಯಿತು. ಇದು ಭಾರತೀಯ ಯಂತ್ರೋದ್ಯಮದ ಆರಂಭದ ಅಧ್ಯಾಯಗಳಲ್ಲೊಂದು. ಆದರೆ ನಗರಸಭೆಗೆ ಆ ಜಾಗ ಹೊಸ ವಸತಿ ಬಡಾವಣೆಗೆ ಬೇಕಾಯಿತು. ಕಾರ್ಯಾಗಾರ ಜಾಗ ತೆರವು ಮಾಡಬೇಕಾಯಿತು. ಔಂಧ ಸಂಸ್ಥಾನದ ಅರಸರು ಕುಂಡಲದ ಬಳಿ ಭೂಮಿ ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಕಾರ್ಖಾನೆಯ ಜೊತೆಗೇ ಕಾರ್ಮಿಕರ ಮನೆಗಳೂ ಎದ್ದವು. ಬೆಳಗಾವಿಗೆ ಉಳಿದದ್ದು ಕಿರ್ಲೋಸ್ಕರ ರಸ್ತೆಯೆಂಬ ಹೆಸರು ಮತ್ತು ಇಂದು ಟಿಳಕವಾಡಿ ಎನಿಸಿಕೊಂಡಿರುವ ಬಡಾವಣೆ.

ಇದನ್ನು ಉದ್ಯಮಿಯೊಬ್ಬನ ಛಲದ ಕಥೆಯಾಗಿ ಹೇಳುವುದು ವಾಡಿಕೆ. ನಗರದ ದೃಷ್ಟಿಯಿಂದ ನೋಡಿದರೆ ಇದು ಒಂದು ಆಯ್ಕೆಯ ಕಥೆ. ನೌಕರಿದಾರರ ಬಂಗಲೆಗಳಿಗೆ ಗಾಳಿ ಬೆಳಕು ಬೇಕೆಂದು ನಗರ ದುಡಿಮೆಯ ಜಾಗವನ್ನು ಬಿಟ್ಟುಕೊಟ್ಟಿತು. ದುಡಿಮೆ ಮರಳಿ ಬಂದಾಗ ಅದು ನಗರದ ಅಂಚಿನ ಉದ್ಯಮಬಾಗಕ್ಕೆ ಬಂತು. ಎರಕದ ಮನೆಗಳು, ಹೈಡ್ರಾಲಿಕ್ ಉಪಕರಣಗಳ ಘಟಕಗಳು ಅಲ್ಲಿ ನಿಂತವು, ನಗರಕ್ಕೆ ಕೀರ್ತಿ ತಂದವು. ಜಿಲ್ಲೆಯ ಹಳೆಯ ಉದ್ಯಮವಾದ ಗೋಕಾಕ ಜಲಪಾತದ ಗಿರಣಿ 1885ರಲ್ಲಿ ಸ್ಥಾಪನೆಯಾದಾಗ ಯಂತ್ರದೊಡನೆ ಕಾರ್ಮಿಕರ ವಸಾಹತನ್ನೂ ಕಟ್ಟಿಕೊಂಡಿತ್ತು. ಅಂಥ ವಸಾಹತಿನಲ್ಲಿ ಕೆಲಸ ಹೋದರೆ ಮನೆಯೂ ಹೋಗುವ ಭಯವಿತ್ತು. ಒಡೆಯನೇ ಮನೆಯ ಯಜಮಾನನಾದಾಗ ಮುಷ್ಕರ ಹೂಡುವವನು ಹೆಂಡತಿ ಮಕ್ಕಳ ಸೂರನ್ನೂ ಒತ್ತೆಯಿಡಬೇಕಾಗುತ್ತಿತ್ತು. ಉದ್ಯಮಬಾಗದ ಕಾಲಕ್ಕೆ ಆ ಭಯ ಹೋಯಿತು, ಮನೆಯೂ ಹೋಯಿತು. ಕಾರ್ಮಿಕನು ತನ್ನ ವಸತಿಯನ್ನು ತಾನೇ ಹುಡುಕಿಕೊಳ್ಳಬೇಕಾಯಿತು.

ಹಾಗೆ ಹುಡುಕಿಕೊಂಡ ನೆಲೆಗಳಲ್ಲಿ ಮುಖ್ಯವಾದುದು ಹಳ್ಳಿಯೇ. ಖಾನಾಪುರದ ಕಡೆಯಿಂದ ಬೆಳಗ್ಗೆ ರೈಲು, ಬಸ್ಸು, ಟೆಂಪೋಗಳಲ್ಲಿ ಜನ ಬರುತ್ತಾರೆ, ಸಂಜೆ ಮರಳುತ್ತಾರೆ. ಒಂದು ಕಾಲಕ್ಕೆ ಖಾನಾಪುರವೇ ದುಡಿಮೆಯ ಊರಾಗಿತ್ತು. ಅಲ್ಲಿಯ ಮಣ್ಣಿನಿಂದ ಹೆಂಚು, ಇಟ್ಟಿಗೆ, ಮಡಕೆಗಳು ತಯಾರಾಗುತ್ತಿದ್ದವು; ಖಾದಿ ಗ್ರಾಮೋದ್ಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಅಲ್ಲಿರುವುದೂ ಆ ಮಣ್ಣಿನ ಗುಣದಿಂದಲೇ. ಕಾಂಕ್ರೀಟಿನ ಛಾವಣಿ ಬಂದಮೇಲೆ ಹೆಂಚಿನ ಬೇಡಿಕೆ ಕುಸಿಯಿತು. ಇತರರ ಮನೆಗೆ ಸೂರು ಹೊದಿಸಿದ ತಾಲ್ಲೂಕಿನವರು ಇತರರ ಊರಿಗೆ ಕೂಲಿಗೆ ಹೋಗುವಂತಾಯಿತು. ತಾಲ್ಲೂಕಿನ ಪಶ್ಚಿಮಕ್ಕೆ, ಭೀಮಗಡ ವನ್ಯಜೀವಿಧಾಮದ ಒಳಗಿನ ಆಮಗಾಂವ, ಗವಾಳಿ ಮುಂತಾದ ಹಳ್ಳಿಗಳಲ್ಲಿ ಮಳೆಗಾಲವೆಂದರೆ ರಸ್ತೆ ಕಳೆದುಕೊಳ್ಳುವ ಕಾಲ. ರೋಗಿಯನ್ನು ಹೆಗಲ ಮೇಲೆ ಹೊತ್ತು ಕಾಡು ದಾಟಿಸುವ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿವೆ. ರವಿವರ್ಮನ ಶಾಸನ ಮಳೆಗಾಲದ ನಾಲ್ಕು ತಿಂಗಳನ್ನು ವಿಶೇಷ ಹೊಣೆಯ ಕಾಲವೆಂದು ಗುರುತಿಸಿದ ಅದೇ ತಾಲ್ಲೂಕಿನಲ್ಲಿ ಇಂದಿನ ಆಡಳಿತಕ್ಕೆ ಅಂಥ ಪಂಚಾಂಗವಿಲ್ಲ.

ನಡೆಯದ ಕಾರ್ಮಿಕರು

ನೇಕಾರರ ಸಂಕಟ ಇದಕ್ಕೆ ತದ್ವಿರುದ್ಧ. ಅವರು ಕೆಲಸಕ್ಕೆ ನಡೆಯುವುದಿಲ್ಲ. ಕೆಲಸವೇ ಅವರ ಮನೆಯಲ್ಲಿ ಬಂದು ಕೂತಿದೆ. ಮುಂದಿನ ಅಂಕಣದಲ್ಲಿ ಮಗ್ಗ, ಅದರ ಹಿಂದೆ ಅಡುಗೆ, ಹಾಸಿಗೆ, ಮಕ್ಕಳ ಓದು. ನೂಲು ಸುತ್ತುವ ಹೆಂಗಸಿನ ದುಡಿಮೆ ಮನೆಗೆಲಸದಲ್ಲಿ ಕರಗಿಹೋಗುತ್ತದೆ. 1948ರ ಕಾರ್ಖಾನೆ ಕಾಯ್ದೆ ವಿದ್ಯುತ್ ಬಳಸುವ ಕಡೆ ಹತ್ತು ಮಂದಿ ಕಾರ್ಮಿಕರಿದ್ದರೆ ಮಾತ್ರ ತಾನಾಗಿ ಅನ್ವಯಿಸುವಂತೆ ರೂಪಿತವಾಗಿತ್ತು. ಎರಡು ಮೂರು ಮಗ್ಗಗಳ ಮನೆ ಅದರ ಕಣ್ಣಿಗೆ ಕಾರ್ಖಾನೆಯಲ್ಲ. 2019ರ ನೆರೆಯಲ್ಲಿ ನೀರು ನುಗ್ಗಿದಾಗ ಈ ಮನೆಗಳಲ್ಲಿ ಹಾಳಾದದ್ದು ಗೋಡೆ ಮಾತ್ರವಲ್ಲ, ಮಗ್ಗ ಮತ್ತು ಹಾಸು ಕೂಡ. ಮರುವರ್ಷದ ಲಾಕ್‌ಡೌನ್‌ನಲ್ಲಿ ನೇಯ್ದ ಸೀರೆ ಕೊಳ್ಳುವವರಿಲ್ಲದೆ ಬಿದ್ದಿತು. ವಸತಿ ಇಲಾಖೆಗೆ ಇದು ಮನೆ, ಜವಳಿ ಇಲಾಖೆಗೆ ಇದು ಘಟಕ, ಕಾರ್ಮಿಕ ಇಲಾಖೆಗೆ ಇದು ಏನೂ ಅಲ್ಲ. ಮನೆಯೇ ಕೆಲಸದ ಜಾಗವಾದವನಿಗೆ ಪರಿಹಾರದ ಅರ್ಜಿಯಲ್ಲಿ ತನ್ನ ನಷ್ಟವನ್ನು ಬರೆಯುವ ಅಂಕಣವೇ ಸರಿಯಾಗಿ ಇರುವುದಿಲ್ಲ.

2020ರ ಮೇ ಮೊದಲ ವಾರ ರಾಜ್ಯ ಸರಕಾರ ಕಟ್ಟಡ ಉದ್ಯಮದ ಪ್ರತಿನಿಧಿಗಳೊಡನೆ ಸಭೆ ನಡೆಸಿದ ಬಳಿಕ ವಲಸೆ ಕಾರ್ಮಿಕರ ರೈಲುಗಳನ್ನು ರದ್ದುಗೊಳಿಸಲು ಹೊರಟಿತು. ಟೀಕೆ ಬಂದಮೇಲೆ ಆ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಆ ದಿನಗಳಲ್ಲಿ ದೇಶದ ಹೆದ್ದಾರಿಗಳಲ್ಲಿ ಜನ ನಡೆದರು. ಪುಣೆ–ಬೆಂಗಳೂರು ಹೆದ್ದಾರಿ ಬೆಳಗಾವಿಯನ್ನು ಮುಟ್ಟಿಯೇ ಹೋಗುತ್ತದೆ. ಅದೇ ದಾರಿಯಲ್ಲಿ ಮುನಿಸಂಘಗಳ ವಿಹಾರ ಸಾಗುವಾಗ ಮುಂದೆ ವಾದ್ಯ, ಹಿಂದೆ ಶ್ರಾವಕರು, ತಂಗುವ ಊರಿನಲ್ಲಿ ಸ್ವಾಗತದ ಕಮಾನು ಇರುತ್ತವೆ. ಕಾರ್ಮಿಕನ ವಿಹಾರಕ್ಕೆ ತಪಾಸಣೆಯ ಚೌಕಿ ಕಾದಿತ್ತು. ದಾರಿಬದಿಯ ಎಷ್ಟೋ ಹಳ್ಳಿಯವರು ತಾವಾಗಿ ಅನ್ನ ನೀರು ಕೊಟ್ಟರೆಂಬುದೂ ಅಷ್ಟೇ ನಿಜ. ಹಳೆಯ ಒಪ್ಪಂದ ಜನರಲ್ಲಿ ಉಳಿದಿತ್ತು, ವ್ಯವಸ್ಥೆಯಲ್ಲಿ ಉಳಿದಿರಲಿಲ್ಲ.

ಪ್ರಸಾದ ನಿಲಯ, ಬೋರ್ಡಿಂಗ್, ಖಾನಾವಳಿ

ಆಧುನಿಕ ಕಾಲದಲ್ಲಿ ಆ ಒಪ್ಪಂದವನ್ನು ಮುಂದುವರಿಸಿದ ಸಂಸ್ಥೆಗಳು ಬೆಳಗಾವಿಯಲ್ಲಿವೆ. ಶಿವಬಸವ ನಗರವೆಂಬ ಹೆಸರೇ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳದು. ಹಳ್ಳಿಗಳಿಂದ ಓದಲು ಬರುವ ಬಡ ಹುಡುಗರಿಗೆ ಅವರು ನಡೆಸಿದ ಉಚಿತ ಪ್ರಸಾದ ನಿಲಯ ಈ ಗಡಿನಾಡಿನಲ್ಲಿ ಕನ್ನಡ ಉಳಿಯಲು ಒದಗಿದ ಬಲವಾದ ಆಧಾರಗಳಲ್ಲಿ ಒಂದು. ಕನ್ನಡವನ್ನು ಕಾಪಾಡಿದ್ದು ಘೋಷಣೆಗಳಿಗಿಂತ ಹೆಚ್ಚಾಗಿ ಎರಡು ಹೊತ್ತಿನ ಊಟ ಮತ್ತು ಮಲಗಲು ಒಂದು ಮೂಲೆ ಎಂದರೆ ಅತಿಶಯವಾಗದು. ಜೈನ ಸಮಾಜದಲ್ಲಿ ಮಾಣಿಕಬಾಗದ ದಿಗಂಬರ ಜೈನ ಬೋರ್ಡಿಂಗ್ ಇದೇ ಕೆಲಸ ಮಾಡಿತು.

ಈ ಪರಂಪರೆಯ ಮಿತಿಯನ್ನು ಮೊದಲು ಕಂಡವರೂ ಇದೇ ಪ್ರದೇಶದ ಜೈನರೊಬ್ಬರು. ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಭಾವುರಾವ್ ಪಾಟೀಲರ ಪೂರ್ವಜರು ಮೂಡಬಿದಿರೆಯ ಕಡೆಯವರೆಂದು ಅವರ ಚರಿತ್ರೆ ಹೇಳುತ್ತದೆ. ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದಾಗ ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿನಿಲಯದ ಸಮಾರಂಭಕ್ಕೆ ಹೋಗಿ, ಬಂದಮೇಲೆ ಸ್ನಾನ ಮಾಡಲು ಒಪ್ಪದೆ ಅವರು ಬೋರ್ಡಿಂಗನ್ನು ಬಿಡಬೇಕಾಯಿತು. ಮುಂದೆ ಕಿರ್ಲೋಸ್ಕರರ ನೇಗಿಲು ಮಾರುತ್ತ ಹಳ್ಳಿಹಳ್ಳಿ ತಿರುಗಿದರು. ಆ ತಿರುಗಾಟದಲ್ಲಿ ಕಂಡ ಬಡತನವೇ 1919ರ ರಯತ್ ಶಿಕ್ಷಣ ಸಂಸ್ಥೆಗೆ ದಾರಿಯಾಯಿತು. ಸಾತಾರೆಯ ಅವರ ವಸತಿನಿಲಯದಲ್ಲಿ ಎಲ್ಲ ಜಾತಿಯ ಮಕ್ಕಳು ಒಟ್ಟಿಗೆ ಉಂಡು, ದುಡಿದು, ಓದಿದರು. ಬೆಳಗಾವಿ ಹೊರಗಟ್ಟಿದ ಕಾರ್ಯಾಗಾರದ ನೇಗಿಲು, ಬೋರ್ಡಿಂಗ್ ಹೊರಗಟ್ಟಿದ ಹುಡುಗನ ಹೆಗಲೇರಿ, ಬಡವರ ವಸತಿಗೆ ಕಾರಣವಾದದ್ದು ಈ ಪ್ರದೇಶದ ಚರಿತ್ರೆಯ ಒಂದು ದೊಡ್ಡ ಕೂಡುವಿಕೆ.

ಅದೇ ತಲೆಮಾರಿನಲ್ಲಿ ಬೆಳಗಾವಿ ಜಿಲ್ಲೆಯ ಭೋಜದ ಬಳಿ 1872ರಲ್ಲಿ ಹುಟ್ಟಿದ ಆಚಾರ್ಯ ಶಾಂತಿಸಾಗರರು ದಕ್ಷಿಣದಿಂದ ಉತ್ತರಕ್ಕೆ ನಡೆದು, ನಗ್ನ ಮುನಿಗೆ ಹಾದಿಯ ಮೇಲಿರುವ ಹಕ್ಕನ್ನು ಮರಳಿ ಸ್ಥಾಪಿಸಿದರು. ಒಬ್ಬರು ನಡೆದು ಅನಗಾರನ ಹಾದಿಯನ್ನು ತೆರೆದರು. ಇನ್ನೊಬ್ಬರು ನಡೆದು ನಿರ್ಗತಿಕನಿಗೆ ಅಗಾರ ಕಟ್ಟಿದರು. ಸಮಾಜ ಮೊದಲನೆಯದನ್ನು ಉತ್ಸವವಾಗಿ ಉಳಿಸಿಕೊಂಡಿದೆ. ಎರಡನೆಯದನ್ನು ವಿದ್ಯಾರ್ಥಿಯಿಂದ ಕಾರ್ಮಿಕನವರೆಗೆ ವಿಸ್ತರಿಸುವ ಕೆಲಸ ಬಾಕಿಯಿದೆ. ಓದುವ ಹುಡುಗನಿಗೆ ಮಠವಿದೆ, ಬೋರ್ಡಿಂಗ್ ಇದೆ. ಅದೇ ಹುಡುಗ ಓದು ಬಿಟ್ಟು ಎರಕದ ಮನೆಗೆ ಸೇರಿದ ದಿನದಿಂದ ಅವನಿಗೆ ನಗರದಲ್ಲಿರುವುದು ಖಾನಾವಳಿಯೊಂದೇ. ಊಟಕ್ಕೆ ಖಾನಾವಳಿ, ನಿದ್ದೆಗೆ ನಾಲ್ಕಾರು ಮಂದಿ ಹಂಚಿಕೊಂಡ ಕೋಣೆ: ಉತ್ತರ ಕರ್ನಾಟಕದ ಒಂಟಿ ದುಡಿಮೆಗಾರನ ಮನೆ ಹೀಗೆ ಎರಡು ತುಂಡಾಗಿದೆ. ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರ ಕಾದಂಬರಿಯೊಂದರ ಶೀರ್ಷಿಕೆಯಲ್ಲಿಯೇ ಖಾನಾವಳಿ ಬರುವುದು ಆಕಸ್ಮಿಕವಲ್ಲ. ಪ್ರಗತಿಶೀಲ ಲೇಖಕರು ನಗರವನ್ನು ಇಂಥ ಅರೆಮನೆಗಳ ಬಾಗಿಲಿನಿಂದಲೇ ಕಂಡರು.

ಎರಡು ನುಡಿ, ಒಂದು ಕೂಲಿ

ಇಷ್ಟೊಂದು ದುಡಿಮೆಯಿರುವ ಊರಿನಲ್ಲಿ ದುಡಿಯುವವರ ರಾಜಕಾರಣ ಏಕೆ ಕ್ಷೀಣವಾಗಿದೆ? ಉತ್ತರದ ಒಂದು ಭಾಗ ಭಾಷೆಯ ವಿವಾದದಲ್ಲಿದೆ. 1956ರ ಪುನರ್ವಿಂಗಡಣೆ, 1966ರಲ್ಲಿ ನೇಮಕವಾದ ಮಹಾಜನ ಆಯೋಗ, 2004ರಿಂದ ಸರ್ವೋಚ್ಚ ನ್ಯಾಯಾಲಯದಲ್ಲಿರುವ ದಾವೆ ಇವುಗಳ ಸುತ್ತ ಮೂರು ತಲೆಮಾರಿನ ಚುನಾವಣೆಗಳು ನಡೆದಿವೆ. ಕನ್ನಡದ ಪರವಾದ ನ್ಯಾಯ ದೃಢವಾದದ್ದು. ಮಹಾಜನ ವರದಿ ಬೆಳಗಾವಿಯನ್ನು ಕರ್ನಾಟಕದಲ್ಲಿಯೇ ಉಳಿಸಿತು. ಆದರೆ ವಡಗಾವಿಯಲ್ಲಿ ಕನ್ನಡ ನೇಕಾರನಿಗೂ ಮರಾಠಿ ನೇಕಾರನಿಗೂ ಸೀರೆಯೊಂದಕ್ಕೆ ಸಿಗುವ ಮಜೂರಿಯಲ್ಲಿ ಭಾಷೆಯ ಕಾರಣದಿಂದ ವ್ಯತ್ಯಾಸವಿಲ್ಲ, ಮನೆಬಾಡಿಗೆಯಲ್ಲಿಯೂ ಇಲ್ಲ. ನೆರೆಯ ಸಾಂಗಲಿ ಜಿಲ್ಲೆಯ ವಾಟೇಗಾಂವದಿಂದ ಕುಟುಂಬದೊಡನೆ ಮುಂಬಯಿಗೆ ನಡೆದುಹೋದನೆಂದು ಹೇಳಲಾಗುವ ದಲಿತ ಕಾರ್ಮಿಕ ಕವಿ ಅಣ್ಣಾಭಾವು ಸಾಠೆ ಊರಲ್ಲಿ ಬಿಟ್ಟುಬಂದ ಹೆಂಡತಿಗಾಗಿ ಹಂಬಲಿಸುವ ಕೂಲಿಕಾರನ ಹಾಡು ಕಟ್ಟಿದನು. ಆ ಹಾಡೇ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಧ್ವನಿಯಾಯಿತು. ವಲಸೆಗಾರನ ನೋವು ರಾಜ್ಯದ ಗಡಿಯ ಹಕ್ಕೊತ್ತಾಯವಾಗಿ ಬದಲಾದದ್ದು ಹೀಗೆ. ಗಡಿ ಎಲ್ಲಿಯೇ ನಿಂತರೂ ಕೂಲಿಕಾರನ ಮನೆಯ ಪ್ರಶ್ನೆ ಎರಡೂ ಕಡೆ ಹಾಗೆಯೇ ಉಳಿಯಿತು.

ಉತ್ತರದ ಇನ್ನೊಂದು ಭಾಗ ನಡಿಗೆಯಲ್ಲಿಯೇ ಇದೆ. 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧ ನಗರದಿಂದ ಹೊರಗೆ, ಹಲಗಾದ ಬಳಿ, ಹೆದ್ದಾರಿಯ ಬದಿಯ ದಿಬ್ಬದ ಮೇಲಿದೆ. ಚಳಿಗಾಲದ ಅಧಿವೇಶನ ಬಂದಾಗ ಅಂಗನವಾಡಿ ಕಾರ್ಯಕರ್ತೆಯರು, ಕಬ್ಬು ಬೆಳೆಗಾರರು, ನೇಕಾರರು, ಗುತ್ತಿಗೆ ನೌಕರರು ರಾಜ್ಯದ ಮೂಲೆಮೂಲೆಗಳಿಂದ ಬರುತ್ತಾರೆ. ಅವರಿಗಾಗಿ ಬಯಲಿನಲ್ಲಿ ಟೆಂಟು ಹಾಕಲಾಗುತ್ತದೆ. ಪೇಟೆಯ ಮಧ್ಯೆ ನಡೆಯುವ ಮೆರವಣಿಗೆಯನ್ನು ಅಂಗಡಿಯವನು, ವಿದ್ಯಾರ್ಥಿ, ಬಸ್ಸಿಗೆ ಕಾದವನು ನೋಡುತ್ತಾನೆ, ಕೆಲವೊಮ್ಮೆ ಸೇರಿಕೊಳ್ಳುತ್ತಾನೆ. ಬಯಲಿನ ಟೆಂಟನ್ನು ನೋಡುವವರು ಪೊಲೀಸರು ಮತ್ತು ಪತ್ರಕರ್ತರು ಮಾತ್ರ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಇದೇ ಊರಿನಲ್ಲಿ ನಡೆದಾಗ, ಗಂಗಾಧರರಾವ್ ದೇಶಪಾಂಡೆಯವರು ಬಂದವರಿಗಾಗಿ ವಿಜಯನಗರವೆಂಬ ತಾತ್ಕಾಲಿಕ ಊರನ್ನೇ ಕಟ್ಟಿಸಿದರು; ನೀರಿಗಾಗಿ ಆಗ ತೋಡಿಸಿದ ಬಾವಿ ಟಿಳಕವಾಡಿಯಲ್ಲಿ ಇನ್ನೂ ಇದೆ. ಬಂದವರಿಗೆ ನೀರು ಮತ್ತು ಸೂರು ಒದಗಿಸುವುದನ್ನು ಆ ರಾಜಕಾರಣ ತನ್ನ ಮೊದಲ ಕೆಲಸವೆಂದು ತಿಳಿದಿತ್ತು.

ಆಗಬೇಕಾದದ್ದು

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಇಪ್ಪತ್ತು ನಗರಗಳಲ್ಲಿ ಬೆಳಗಾವಿ ಸೇರಿತು. ರಸ್ತೆಗಳು ಅಗಲವಾದವು, ಕಾಲುದಾರಿಗೆ ಹೊಸ ಹಾಸು ಬಂತು. ನಡೆಯುವವನಿಗೆ ಹಾಸು ಮುಖ್ಯ, ಆದರೆ ನಡಿಗೆಯ ಕೊನೆಯಲ್ಲಿ ಏನಿದೆ ಎಂಬುದು ಅದಕ್ಕಿಂತ ಮುಖ್ಯ. ಕೇಂದ್ರ ಸರಕಾರ 2020ರ ಜುಲೈನಲ್ಲಿ ಕೈಗೆಟಕುವ ಬಾಡಿಗೆ ವಸತಿಯ ಯೋಜನೆಯನ್ನು ಪ್ರಕಟಿಸಿತು. ಹೆದ್ದಾರಿಗಳಲ್ಲಿ ನಡೆದವರ ಚಿತ್ರಗಳೇ ಅದಕ್ಕೆ ಪ್ರೇರಣೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ, ಕೆಲಸದ ನಿವೇಶನದಲ್ಲಿಯೇ ಕಾರ್ಮಿಕರಿಗೆ ಉಚಿತ ತಾತ್ಕಾಲಿಕ ವಸತಿ ಕೊಡಬೇಕೆಂದು ಮಾಲೀಕನಿಗೆ ವಿಧಿಸಿತ್ತು. ತಗಡಿನ ಶೆಡ್ಡುಗಳನ್ನು ಕಂಡವರಿಗೆ ಆ ವಿಧಿಯ ಪಾಲನೆ ಎಷ್ಟೆಂದು ಹೇಳಬೇಕಾಗಿಲ್ಲ.

ಮಾಡಬೇಕಾದ ಕೆಲಸಗಳು ಅಸಾಧ್ಯವಾದವೇನಲ್ಲ. ಉದ್ಯಮಬಾಗದ ನಡಿಗೆಯ ಅಳತೆಯಲ್ಲಿ ನಗರಪಾಲಿಕೆಯೇ ನಡೆಸುವ ಕಾರ್ಮಿಕ ವಸತಿನಿಲಯಗಳು ಬೇಕು. ಅವು ಕಾರ್ಖಾನೆಯ ಒಡೆಯನ ಕೈಯಲ್ಲಿರಬಾರದೆಂಬುದನ್ನು ಗಿರಣಿಯ ವಸಾಹತುಗಳ ಅನುಭವ ಕಲಿಸಿದೆ. ಮಗ್ಗವಿರುವ ಮನೆಯನ್ನು ಮನೆಯೂ ಹೌದು, ಕೆಲಸದ ಜಾಗವೂ ಹೌದು ಎಂದು ಒಂದೇ ಕಾಗದದಲ್ಲಿ ಗುರುತಿಸುವ ವಿಧಿ ಬೇಕು. ಅಧಿವೇಶನದ ಕಾಲಕ್ಕಷ್ಟೇ ಅಲ್ಲದೆ ವರ್ಷವಿಡೀ, ನಗರದ ಒಳಗೆ, ನೀರು-ನೆರಳು-ಶೌಚಾಲಯವಿರುವ ಒಂದು ಸಾರ್ವಜನಿಕ ಸಭಾಸ್ಥಳ ಬೇಕು. ಮಠಗಳೂ ಬಸದಿಗಳ ಟ್ರಸ್ಟುಗಳೂ ತಮ್ಮ ಬೋರ್ಡಿಂಗುಗಳ ಬಾಗಿಲನ್ನು ದುಡಿಯುವ ಯುವಕ ಯುವತಿಯರಿಗೂ ಜಾತಿಮತ ಕೇಳದೆ ತೆರೆದರೆ, ಅದು ಹೊಸ ಧರ್ಮವೇನೂ ಆಗದು. ವಸತಿ ಎಂಬ ಶಬ್ದದ ಹಳೆಯ ಅರ್ಥ ಮರಳಿ ಬಂದಂತಾಗುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಇಲ್ಲಿ ಒಂದು ಕೆಲಸವಿದೆ. ಬೆಳಗಾವಿಯ ಶಾಸನಗಳನ್ನು ಅಕ್ಷರ ಅಕ್ಷರವಾಗಿ ಓದಿದ ಪಾಂಡಿತ್ಯ, ಅದೇ ಊರಿನ ಮಗ್ಗದ ಮನೆಗಳಲ್ಲಿ ಕನ್ನಡ ಮತ್ತು ಮರಾಠಿಗಳಲ್ಲಿ ಬದುಕಿರುವ ನೆನಪುಗಳನ್ನು ಇನ್ನೂ ಸಾಕಷ್ಟು ಬರೆದುಕೊಂಡಿಲ್ಲ. ಹೆಂಚಿನ ಕಾರ್ಖಾನೆಗಳಲ್ಲಿ ದುಡಿದ ಮುದುಕರು, ನೂಲು ಸುತ್ತಿದ ಅಜ್ಜಿಯರು, ಖಾನಾವಳಿ ನಡೆಸಿದ ಹೆಂಗಸರು ಹೇಳುವುದನ್ನು ಅವರವರ ನುಡಿಯಲ್ಲಿಯೇ, ಅವರ ಕಸುಬಿನ ಮಾತುಗಳೊಡನೆ ಸಂಗ್ರಹಿಸಬೇಕು. ಗಡಿಯ ವಾದಕ್ಕೆ ಸಾಕ್ಷ್ಯವಾಗಿ ಅಲ್ಲ, ವಸತಿಯ ಇತಿಹಾಸಕ್ಕೆ ಆಕರವಾಗಿ. 1204ರ ಶಾಸನವನ್ನು ಬರೆಯಿಸಿದವರಿಗೆ ಯಾವ ಬೀದಿಯ ಯಾವ ಮನೆ ಯಾರಿಗೆ ಸಲ್ಲಬೇಕೆಂಬುದನ್ನು ಕಲ್ಲಿನಲ್ಲಿ ನಿಲ್ಲಿಸುವಷ್ಟು ಕಾಳಜಿಯಿತ್ತು. ಇಂದಿನ ಬೆಳಗಾವಿಯ ದುಡಿಯುವವರು ಎಲ್ಲಿ ಮಲಗುತ್ತಾರೆ, ಎಷ್ಟು ದೂರ ನಡೆದು ಕೆಲಸಕ್ಕೆ ಬರುತ್ತಾರೆ ಎಂಬ ಲೆಕ್ಕವನ್ನಾದರೂ ಪಾಲಿಕೆ ತನ್ನ ಮುಂದಿನ ಬಜೆಟ್ಟಿಗೆ ಮುನ್ನ ಬರೆಯಿಸಬೇಕು.